ಕಂಬದ ತಂಗಿ: ಗೃಹೋಪಕರಣಗಳನ್ನು ರೂಪಿಸಿದ ವಾಸ್ತುಶಿಲ್ಪಿಗಳು



ನಮ್ಮ ಪ್ರಾಚೀನ ಶಿಲ್ಪಗ್ರಂಥಗಳಲ್ಲೊಂದಾದ ‘ಮಾನಸಾರ’ವು ವಾಸ್ತುವನ್ನು ನಾಲ್ಕು ಬಗೆಯಾಗಿ ಎಣಿಸುತ್ತದೆ: ಧರೆ, ಹರ್ಮ್ಯ, ಯಾನ, ಪರ್ಯಂಕ. ನೆಲವು ಮೊದಲನೆಯದು, ನೆಲದ ಮೇಲೆ ಏಳುವ ಕಟ್ಟಡವು ಎರಡನೆಯದು, ರಥವೇ ಮೊದಲಾದ ವಾಹನಗಳು ಮೂರನೆಯದು, ಮನುಷ್ಯನು ಕುಳಿತುಕೊಳ್ಳುವ ಮತ್ತು ಮಲಗುವ ಪೀಠಮಂಚಗಳು ನಾಲ್ಕನೆಯದು. ದೇವಾಲಯದ ವಿಮಾನಕ್ಕೆ ಅಂತಸ್ತುಗಳನ್ನು ವಿಧಿಸಿದ ಗ್ರಂಥವೇ ಮಂಚಕ್ಕೂ ಸಿಂಹಾಸನಕ್ಕೂ ಪ್ರಮಾಣವನ್ನು ವಿಧಿಸುತ್ತದೆ. ದೀಪಸ್ತಂಭ, ಬೀಸಣಿಗೆ, ಕನ್ನಡಿ, ಪೆಟ್ಟಿಗೆ, ಉಯ್ಯಾಲೆಗಳಿಗೂ ಅದರಲ್ಲಿ ಸ್ಥಾನವುಂಟು. ಆ ಗ್ರಂಥಕರ್ತನ ದೃಷ್ಟಿಯಲ್ಲಿ ಮನೆಯ ಗೋಡೆಗೂ ಗೋಡೆಗೆ ಒರಗಿಸಿದ ಮಂಚಕ್ಕೂ ನಡುವೆ ವಿದ್ಯೆಯ ಎಲ್ಲೆಯಿರಲಿಲ್ಲ. ಶಾಸ್ತ್ರವನ್ನು ಓದದಿದ್ದವರ ನಡುವೆಯೂ ವ್ಯವಹಾರವು ಹಾಗೆಯೇ ನಡೆಯುತ್ತಿತ್ತು. ಮಲೆನಾಡಿನ ತೊಟ್ಟಿಮನೆಗೆ ಕಂಬವನ್ನು ಕೆತ್ತಿದ ಆಚಾರಿಯೇ ಆ ಮನೆಯ ತೊಟ್ಟಿಲನ್ನೂ ಊಟದ ಮಣೆಯನ್ನೂ ಮಾಡಿಕೊಡುತ್ತಿದ್ದನು.

ಈ ಏಕತೆಯು ಯೂರೋಪಿನಲ್ಲಿ ಯಂತ್ರೋದ್ಯಮದ ಕಾಲದಲ್ಲಿಯೂ, ನಮ್ಮಲ್ಲಿ ಆ ಉದ್ಯಮದ ನೆರಳು ಬಿದ್ದ ಮೇಲೆಯೂ ಒಡೆದುಹೋಯಿತು. ನಕ್ಷೆಯನ್ನು ಬರೆಯುವವನು ಒಬ್ಬ, ಗೋಡೆಯನ್ನು ಕಟ್ಟುವವನು ಇನ್ನೊಬ್ಬ, ಕುರ್ಚಿ ಮೇಜುಗಳನ್ನು ಅಂಗಡಿಯಲ್ಲಿ ಪೇರಿಸಿಟ್ಟು ಮಾರುವವನು ಮತ್ತೊಬ್ಬ ಎಂದಾಯಿತು. ಕಟ್ಟಡವು ಮುಗಿದು ಗೃಹಪ್ರವೇಶದ ದಿನ ಗೊತ್ತಾದ ಬಳಿಕವೇ ಅದರೊಳಗೆ ಮನುಷ್ಯರು ಎಲ್ಲಿ ಕುಳಿತಾರು, ಯಾವ ಬೆಳಕಿನಲ್ಲಿ ಓದಿಯಾರು ಎಂಬ ಯೋಚನೆ ಆರಂಭವಾಗುವ ವಿಪರ್ಯಾಸವು ಇಂದಿಗೂ ನಮ್ಮ ನಗರಗಳಲ್ಲಿ ದಿನನಿತ್ಯದ ಸಂಗತಿಯಾಗಿದೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಹಲವರು ವಾಸ್ತುಶಿಲ್ಪಿಗಳು, ದೊಡ್ಡ ದೊಡ್ಡ ಕಟ್ಟಡಗಳ ಕೀರ್ತಿ ಕೈಗೆಟುಕುವಂತಿದ್ದರೂ, ಕುರ್ಚಿ, ದೀಪ, ಹೂದಾನಿ, ಚಮಚ, ಬಾಗಿಲ ಹಿಡಿಗಳಂಥ ಸಣ್ಣ ವಸ್ತುಗಳ ಕಡೆಗೆ ಇಳಿದು ಬಂದು, ಅವುಗಳ ಮೇಲೆ ವರ್ಷಗಟ್ಟಲೆ ದುಡಿದರು. ಅವರು ಹೀಗೆ ಇಳಿದು ಬಂದುದೇಕೆ, ಬಂದು ಮಾಡಿದುದೇನು ಎಂಬುದೇ ಈ ದಿನದ ನನ್ನ ವಿಷಯ.

ಇಳಿದು ಬಂದವರೆಲ್ಲರೂ ಒಂದೇ ಕಾರಣಕ್ಕೆ ಬಂದವರಲ್ಲ. ಕೆಲವರನ್ನು ಕರೆತಂದುದು ಒಡೆತನದ ಆಸೆ: ತಾನು ಕಲ್ಪಿಸಿದ ಕಟ್ಟಡದೊಳಗೆ ತನ್ನ ಕಲ್ಪನೆಗೆ ಹೊರತಾದ ಒಂದು ಗಡಿಗೆಯೂ ಕಾಲಿಡಬಾರದೆಂಬ ಹಟ. ಇನ್ನು ಕೆಲವರನ್ನು ಕರೆತಂದುದು ಉಪಚಾರದ ಹೊಣೆ: ಕಟ್ಟಡವನ್ನು ಮನುಷ್ಯನು ಕಣ್ಣಿನಿಂದ ನೋಡಿದರೂ, ಅವನ ಮೈಗೆ ಅದು ತಾಗುವುದು ಕುರ್ಚಿಯ ಕೈಯಲ್ಲಿ, ಬಾಗಿಲ ಹಿಡಿಯಲ್ಲಿ, ಕಣ್ಣಿಗೆ ಬೀಳುವ ದೀಪದ ಕಿರಣದಲ್ಲಿ ಎಂಬ ಅರಿವು. ಎರಡೂ ಬಗೆಯವರಿಂದ ಸುಂದರವಾದ ವಸ್ತುಗಳು ಹುಟ್ಟಿವೆ. ಆದರೆ ಬಾಳಿಕೆಗೆ ಬಂದವು, ಇಂದಿಗೂ ಮನುಷ್ಯರ ಕೈಯಲ್ಲಿ ಸವೆಯುತ್ತಿರುವಂಥವು, ಬಹುಮಟ್ಟಿಗೆ ಎರಡನೆಯ ಬಗೆಯವರವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಡೆತನದ ಆಸೆಯ ಅಪಾಯವನ್ನು ಮೊದಲು ಕಂಡು ಹೇಳಿದವನೂ ಒಬ್ಬ ವಾಸ್ತುಶಿಲ್ಪಿಯೇ. ವಿಯೆನ್ನಾದ ಅಡಾಲ್ಫ್ ಲೂಸ್ 1900ರಲ್ಲಿ ಒಬ್ಬ ಬಡ ಶ್ರೀಮಂತನ ಕಥೆಯನ್ನು ಬರೆದನು. ಆ ಶ್ರೀಮಂತನು ತನ್ನ ಮನೆಯನ್ನು ಕಲೆಯಿಂದ ತುಂಬಬೇಕೆಂದು ವಾಸ್ತುಶಿಲ್ಪಿಯೊಬ್ಬನಿಗೆ ಒಪ್ಪಿಸುತ್ತಾನೆ. ಶಿಲ್ಪಿಯು ಗೋಡೆಯಿಂದ ಹಿಡಿದು ಪಾದರಕ್ಷೆಯವರೆಗೆ ಸಕಲವನ್ನೂ ರೂಪಿಸಿಕೊಡುತ್ತಾನೆ. ಒಂದು ದಿನ ಮನೆಗೆ ಬಂದ ಶಿಲ್ಪಿಯು ಯಜಮಾನನ ಕಾಲನ್ನು ನೋಡಿ ಬೆಚ್ಚಿಬೀಳುತ್ತಾನೆ. ಮಲಗುವ ಕೋಣೆಗೆಂದು ರೂಪಿಸಿಕೊಟ್ಟ ಪಾದರಕ್ಷೆಗಳನ್ನು ಆತನು ಬೇರೆ ಕೋಣೆಯಲ್ಲಿ ಮೆಟ್ಟಿಕೊಂಡಿದ್ದಾನೆ! ಹುಟ್ಟುಹಬ್ಬಕ್ಕೆ ಹೆಂಡತಿಮಕ್ಕಳು ಕೊಟ್ಟ ಉಡುಗೊರೆಗಳಿಗೆ ಆ ಮನೆಯಲ್ಲಿ ಜಾಗವಿಲ್ಲ. ಎಲ್ಲವೂ ಪೂರ್ಣವಾಗಿಬಿಟ್ಟ ಮನೆಯಲ್ಲಿ ಬದುಕಿಗೆ ಇನ್ನು ಆಸೆಪಡುವುದಕ್ಕೆ ಏನೂ ಉಳಿದಿಲ್ಲ. ಅಂದಿನ ವಿಯೆನ್ನಾದ ಕಲಾವಿದರನ್ನು ಕುರಿತು ಬರೆದ ವಿಡಂಬನೆ ಅದು. ಆದರೂ ವಾಸ್ತುಶಿಲ್ಪವನ್ನು ಕಲಿಯುವ ಪ್ರತಿಯೊಬ್ಬನೂ ಅದನ್ನು ಓದಬೇಕು.

ಗ್ಲಾಸ್ಗೋ ನಗರದ ಚಾರ್ಲ್ಸ್ ರೆನ್ನಿ ಮ್ಯಾಕಿಂಟಾಷ್ ಮಹಾಪ್ರತಿಭಾವಂತನೆಂಬುದರಲ್ಲಿ ಸಂದೇಹವಿಲ್ಲ. 1904ರಲ್ಲಿ ಮುಗಿದ ಆತನ ‘ಹಿಲ್ ಹೌಸ್’ ಎಂಬ ಮನೆಯ ಶಯನಗೃಹದಲ್ಲಿ ಬಿಳಿಯ ಗೋಡೆಗೆ ಎದುರಾಗಿ ಏಣಿಯಂತೆ ಎತ್ತರವಾಗಿ, ಕಡುಗಪ್ಪಾಗಿ ನಿಂತಿರುವ ಕುರ್ಚಿಯನ್ನು ಚಿತ್ರದಲ್ಲಿ ನೋಡಿದವರು ಮರೆಯಲಾರರು. ಸುಮಾರು ನಾಲ್ಕೂವರೆ ಅಡಿ ಎತ್ತರದ ಆ ಕುರ್ಚಿಯು ಕೋಣೆಯ ಬಿಳುಪಿಗೆ ಒಂದು ರೇಖೆಯಾಗಿ ಒದಗಿದೆ. ಕುಳಿತುಕೊಳ್ಳುವವನ ಬೆನ್ನಿಗಾಗಿ ಒದಗಿದುದಲ್ಲ. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ 1939ರಲ್ಲಿ ಮುಗಿಸಿದ ಜಾನ್ಸನ್ ವ್ಯಾಕ್ಸ್ ಕಚೇರಿಗೆ ಮೂರು ಕಾಲಿನ ಕುರ್ಚಿಗಳನ್ನು ರೂಪಿಸಿಕೊಟ್ಟನು. ಮುಂಭಾಗದಲ್ಲಿ ಒಂದೇ ಕಾಲಿದ್ದುದರಿಂದ, ಕುಳಿತವರು ಎರಡು ಪಾದಗಳನ್ನೂ ನೆಲಕ್ಕೆ ಊರಿ ನೆಟ್ಟಗೆ ಕುಳಿತರೆ ಸರಿ, ಸ್ವಲ್ಪ ವಾಲಿದರೆ ಕುರ್ಚಿಯು ಮಗುಚಿಕೊಳ್ಳುತ್ತಿತ್ತು. ಮುಂದೆ ಅದಕ್ಕೆ ನಾಲ್ಕನೆಯ ಕಾಲು ಬಂತು. ತನ್ನದೇ ಕುರ್ಚಿಮೇಜುಗಳಿಗೆ ತಾಗಿ ತನ್ನ ಮೈಯೆಲ್ಲ ಕಂದಿಹೋಗಿತ್ತೆಂದು ರೈಟನೇ ಬರೆದುಕೊಂಡಿದ್ದಾನೆ. ಮೈಯನ್ನು ತಿದ್ದಹೊರಟ ಕುರ್ಚಿಗೂ ಮೈಯನ್ನು ಅರಿತ ಕುರ್ಚಿಗೂ ಇರುವ ಅಂತರವನ್ನು ತಿಳಿಯಬೇಕಾದರೆ ನಾವು ಫಿನ್ಲೆಂಡಿನ ಪೈನ್ ಕಾಡೊಂದಕ್ಕೆ ಹೋಗಬೇಕು.

ಆ ದೇಶದ ನೈಋತ್ಯದಲ್ಲಿ, ಟುರ್ಕು ನಗರಕ್ಕೆ ಪೂರ್ವದಲ್ಲಿ, ಪೈಮಿಯೊ ಎಂಬ ಊರಿದೆ. ಅಲ್ಲಿ ಕಟ್ಟಬೇಕಾಗಿದ್ದ ಕ್ಷಯರೋಗಿಗಳ ಆರೋಗ್ಯಧಾಮಕ್ಕೆ ಏರ್ಪಟ್ಟ ಸ್ಪರ್ಧೆಯಲ್ಲಿ 1929ರಲ್ಲಿ ಗೆದ್ದವನು, ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಆಲ್ವಾರ್ ಆಲ್ಟೊ. ಕಟ್ಟಡವು 1933ರಲ್ಲಿ ಮುಗಿಯಿತು. ಕ್ಷಯಕ್ಕೆ ಆ ಕಾಲದಲ್ಲಿ ಔಷಧವೆಂಬುದಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಂದುದು ಅದಾದ ಹತ್ತು ವರ್ಷಗಳ ಮೇಲೆ. ಶುದ್ಧವಾದ ಗಾಳಿ, ಬಿಸಿಲು, ಆಹಾರ, ಎಲ್ಲಕ್ಕಿಂತ ಮಿಗಿಲಾಗಿ ದೀರ್ಘಕಾಲದ ವಿಶ್ರಾಂತಿ, ಇವಿಷ್ಟೇ ಚಿಕಿತ್ಸೆ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿರುವ ಆರೋಗ್ಯಧಾಮವನ್ನು ಬಲ್ಲವರಿಗೆ ಈ ಚಿಕಿತ್ಸಾಕ್ರಮವನ್ನು ನಾನು ವಿವರಿಸಬೇಕಾಗಿಲ್ಲ. ರೋಗಿಯು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಅದೇ ಹಾಸಿಗೆಯಲ್ಲಿ ಅದೇ ಚಾವಣಿಯನ್ನು ನೋಡುತ್ತ ಮಲಗಿರಬೇಕು. ಅಂದ ಮೇಲೆ ಅಲ್ಲಿ ಕಟ್ಟಡವೇ ಔಷಧದ ಸ್ಥಾನದಲ್ಲಿತ್ತೆಂದರೆ ಅದು ಅಲಂಕಾರದ ಮಾತಲ್ಲ, ವೈದ್ಯರ ಮಾತು.

ಈ ಕೆಲಸವು ಕೈಗೆ ಬಂದಾಗ ಆಲ್ಟೊ ತಾನೇ ಅಸ್ವಸ್ಥನಾಗಿ ಹಾಸಿಗೆ ಹಿಡಿದಿದ್ದನು. ಮಲಗಿದ್ದವನ ಕಣ್ಣಿಗೆ ಒಂದು ಸಂಗತಿ ಸ್ಪಷ್ಟವಾಯಿತು: ನಮ್ಮ ಕೋಣೆಗಳನ್ನೆಲ್ಲ ನಿಂತಿರುವ ಮನುಷ್ಯನಿಗಾಗಿ ಕಟ್ಟಲಾಗಿದೆ. ಚಾವಣಿಯ ನಡುವೆ ತೂಗುವ ದೀಪವು ನಿಂತವನಿಗೆ ಬೆಳಕು, ಮಲಗಿದವನಿಗೆ ಕಣ್ಣಿಗೆ ಚುಚ್ಚುವ ಮುಳ್ಳು. ನಿಂತವನು ಗಮನಿಸದ ಚಾವಣಿಯೇ ಮಲಗಿದವನ ಪಾಲಿನ ದಿಗಂತ. ಆದುದರಿಂದ ಪೈಮಿಯೊದ ಕೋಣೆಗಳಲ್ಲಿ ಗೋಡೆಗೆ ತಿಳಿಯಾದ ಬಣ್ಣವನ್ನೂ ಚಾವಣಿಗೆ ಶಾಂತವಾದ ಗಾಢ ಹಸಿರನ್ನೂ ಬಳಿಸಿದನು. ದೀಪವನ್ನು ರೋಗಿಯ ದೃಷ್ಟಿಗೆ ಬೀಳದಂತೆ ತಲೆಯ ಹಿಂಬದಿಗೆ ಸರಿಸಿದನು. ಚಾವಣಿಯಲ್ಲಿ ಅಳವಡಿಸಿದ ಕಾವು ತಲೆಯ ಮೇಲೆ ಬೀಳದೆ ಕಾಲಿನ ಕಡೆಗೆ ಹರಿಯುವಂತೆ ಮಾಡಿದನು. ಕಿಟಕಿಯ ಎರಡು ಗಾಜುಗಳ ನಡುವೆ ಹಾದು ಬರುವಾಗ ಹೊರಗಿನ ಕೊರೆಯುವ ಗಾಳಿಯು ಬೆಚ್ಚಗಾಗಿ ಒಳಸೇರುತ್ತಿತ್ತು. ಬಟ್ಟೆಯ ಬೀರುಗಳನ್ನು ನೆಲದ ಮೇಲಿಡದೆ ಗೋಡೆಗೆ ತೂಗುಹಾಕಿಸಿದುದರಿಂದ ಅವುಗಳ ಅಡಿಯಲ್ಲಿ ಗುಡಿಸಿ ಒರೆಸುವುದು ಸುಲಭವಾಯಿತು. ಬಾಗಿಲ ಹಿಡಿಯನ್ನು, ಅವಸರದಲ್ಲಿ ಹಾಯುವ ವೈದ್ಯರ ನಿಲುವಂಗಿಯ ತೋಳು ಅದಕ್ಕೆ ಸಿಕ್ಕಿಕೊಳ್ಳದಂತೆ ಬಾಗಿಸಿದನು.

ಇವೆಲ್ಲವುಗಳಲ್ಲಿ ನನ್ನನ್ನು ಬಹುವಾಗಿ ಸೆಳೆದಿರುವುದು ಕೈತೊಳೆಯುವ ಬೇಸಿನ್ನು. ಒಂದೊಂದು ಕೋಣೆಯಲ್ಲಿ ಇಬ್ಬರು ರೋಗಿಗಳು. ಒಬ್ಬೊಬ್ಬನಿಗೂ ಬೇರೆ ಬೇರೆ ಬೇಸಿನ್ನು. ರಾತ್ರಿ ಒಬ್ಬನಿಗೆ ಕೆಮ್ಮು ಬಂದು ಎದ್ದು ಬಾಯಿ ತೊಳೆದುಕೊಂಡರೆ ಇನ್ನೊಬ್ಬನ ನಿದ್ರೆ ಕೆಡುತ್ತದೆ. ಕೊಳಾಯಿಯ ನೀರು ನೇರವಾಗಿ ಪಿಂಗಾಣಿಯ ತಳಕ್ಕೆ ಬಡಿದರೆ ಆಗುವ ಸದ್ದು ಆ ನೀರವವಾದ ಕಾಡಿನ ನಡುವೆ ಸಣ್ಣದಲ್ಲ. ಆಲ್ಟೊ ಬೇಸಿನ್ನಿನ ಒಳಮೈಯನ್ನು ಇಳಿಜಾರಾಗಿಸಿ, ನೀರಿನ ಧಾರೆಯು ಅದನ್ನು ಓರೆಯಾದ ಕೋನದಲ್ಲಿ ತಾಗಿ ಸದ್ದಿಲ್ಲದೆ ಜಾರಿ ಹೋಗುವಂತೆ ರೂಪಿಸಿದನು. ಒಬ್ಬನು ಕೈತೊಳೆಯುವಾಗ ಪಕ್ಕದವನು ನಿದ್ರಿಸುತ್ತಿರಲೆಂದು ಪಿಂಗಾಣಿಯ ಬಾಗನ್ನು ಲೆಕ್ಕ ಹಾಕುತ್ತ ಕುಳಿತ ಆ ಮನಸ್ಸನ್ನು ನಾನು ಕಟ್ಟಡದ ಮುಮ್ಮುಖವನ್ನು ಚೆಲುವಾಗಿ ಬರೆದ ಮನಸ್ಸಿಗಿಂತ ದೊಡ್ಡದೆಂದು ಎಣಿಸುತ್ತೇನೆ. ಏಕೆಂದರೆ ಈ ಚೆಲುವಿಗೆ ನೋಟಕರಿಲ್ಲ. ಬೇಸಿನ್ನು ಚೆನ್ನಾಗಿದ್ದರೆ ಆಗುವ ಫಲವೆಂದರೆ ಏನೂ ಕೇಳಿಸದಿರುವುದು.

ಕುರ್ಚಿಯ ಪ್ರಶ್ನೆ ಬಂದಾಗ ಆಲ್ಟೊನ ಮುಂದೆ ಸಿದ್ಧವಾದ ಒಂದು ಉತ್ತರವಿತ್ತು. ವಾಸ್ತುಶಿಲ್ಪಿ ಮಾರ್ಸೆಲ್ ಬ್ರಾಯರ್ 1925ರಲ್ಲಿ ಬಾಗಿಸಿದ ಉಕ್ಕಿನ ಕೊಳವೆಗಳಿಂದ ಕುರ್ಚಿಯನ್ನು ಮಾಡಿ ತೋರಿಸಿದ್ದನು. ಹೊಸ ಕಾಲದ ಕಟ್ಟಡಕ್ಕೆ ಅದೇ ತಕ್ಕುದೆಂದು ಯೂರೋಪಿನ ತರುಣ ಶಿಲ್ಪಿಗಳೆಲ್ಲ ನಂಬಿದ್ದರು. ಆಲ್ಟೊನೂ ಅಂಥ ಕುರ್ಚಿಗಳನ್ನು ಮೆಚ್ಚಿ ಕೊಂಡಿದ್ದನು. ಆದರೆ ರೋಗಿಯ ಮೈಯನ್ನು ನೆನೆದಾಗ ಆತನಿಗೆ ಆ ಲೋಹದಲ್ಲಿ ಮೂರು ದೋಷಗಳು ಕಂಡವು. ಉಕ್ಕು ಮೈಯ ಕಾವನ್ನು ಬೇಗ ಹೀರಿ ತಣ್ಣಗೆ ಕೊರೆಯುತ್ತದೆ, ಬೆಳಕನ್ನು ಚುರುಕಾಗಿ ಹಿಂದಕ್ಕೆಸೆದು ಕಣ್ಣನ್ನು ನೋಯಿಸುತ್ತದೆ, ಸದ್ದನ್ನು ತಣಿಸುವುದಿಲ್ಲ. ಫಿನ್ಲೆಂಡಿನಲ್ಲಿ ಬೇಕಾದಷ್ಟಿದ್ದ ಮರವೆಂದರೆ ಬರ್ಚ್, ನಮ್ಮ ಪೂರ್ವಿಕರು ಯಾವುದರ ತೊಗಟೆಯ ಮೇಲೆ ಗ್ರಂಥಗಳನ್ನು ಬರೆದರೋ ಆ ಭೂರ್ಜವೃಕ್ಷದ ಸಗೋತ್ರ. ಒಟ್ಟೊ ಕೊರ್ಹೊನೆನ್ ಎಂಬ ಟುರ್ಕುವಿನ ಪೀಠೋಪಕರಣ ತಯಾರಕನ ಕಾರ್ಖಾನೆಯಲ್ಲಿ ಆಲ್ಟೊ ಆ ಮರದ ತೆಳುಪದರಗಳನ್ನು ಅಂಟಿಸುವ, ಬಾಗಿಸುವ, ಮುರಿಯುವ, ಮತ್ತೆ ಬಾಗಿಸುವ ಕೆಲಸದಲ್ಲಿ ತೊಡಗಿದನು. ಅದರ ಫಲವೇ ಪೈಮಿಯೊ ಕುರ್ಚಿ: ಎರಡು ಕಡೆಗಳಲ್ಲಿ ಬಾಗಿದ ಬರ್ಚ್ ಪಟ್ಟಿಯ ಎರಡು ಬಳೆಗಳು, ಅವೇ ಕೈ, ಅವೇ ಕಾಲು, ನಡುವೆ ಮೇಲೆ ಕೆಳಗೆ ಸುರುಳಿಸುತ್ತಿಕೊಂಡ ಪ್ಲೈವುಡ್ಡಿನ ಒಂದೇ ಹಾಳೆ, ಅದೇ ಆಸನ, ಅದೇ ಬೆನ್ನು. ದಿಂಬಿಲ್ಲ, ಹಾಸಿಲ್ಲ, ಧೂಳು ಕೂರುವ ಸಂದಿಯಿಲ್ಲ. ಆದರೂ ಸುರುಳಿಯ ಕಾರಣದಿಂದ ಕುಳಿತವನ ಭಾರಕ್ಕೆ ಅದು ತುಸು ಬಳುಕುತ್ತದೆ. ಹಿಂದಕ್ಕೆ ಒರಗಿದ ಬೆನ್ನಿನ ಕೋನವನ್ನು, ಎದೆ ಅರಳಿ ಉಸಿರಾಟವು ಸಲೀಸಾಗಲೆಂಬ ಉದ್ದೇಶದಿಂದ ಗೊತ್ತುಪಡಿಸಲಾಗಿತ್ತು.

ಇಷ್ಟಕ್ಕೆ ಆತನ ಹುಡುಕಾಟ ನಿಲ್ಲಲಿಲ್ಲ. ಮರವು ಅಡ್ಡಕ್ಕೂ ನೆಟ್ಟಗೂ ತಿರುಗುವ ಮೂಲೆಯಲ್ಲಿ ಬಡಗಿಗಳು ಸಾವಿರಾರು ವರ್ಷಗಳಿಂದ ತೋಡು ಕೊರೆದು ಕೂಡುಕಟ್ಟುತ್ತ ಬಂದಿದ್ದಾರೆ. ಎಲ್ಲ ಕುರ್ಚಿಗಳೂ ಸಡಿಲವಾಗುವುದು ಅಲ್ಲಿಯೇ. ಕೂಡುಕಟ್ಟೇ ಇಲ್ಲದ ಮೂಲೆಯೊಂದನ್ನು ಸಾಧಿಸಲಾದೀತೆ? ಆಲ್ಟೊ ಗಟ್ಟಿ ಬರ್ಚ್ ಹಲಗೆಯೊಂದರ ತುದಿಯಲ್ಲಿ, ಮರದ ಎಳೆಯ ದಿಕ್ಕಿಗೇ, ಗರಗಸದಿಂದ ಸಾಲು ಸೀಳುಗಳನ್ನು ಕೊಯ್ಯಿಸಿ, ಪ್ರತಿಯೊಂದು ಸೀಳಿಗೂ ಅಂಟು ಸವರಿದ ತೆಳು ಮರದ ಪದರವನ್ನು ತೂರಿಸಿ, ಆ ತುದಿಯನ್ನು ಅಚ್ಚಿಗೆ ಕಟ್ಟಿ ಲಂಬಕೋನಕ್ಕೆ ಬಾಗಿಸಿದನು. ಅಂಟು ಒಣಗಿದ ಮೇಲೆ ಮರವು ಆ ಬಾಗನ್ನು ಬಿಡಲಿಲ್ಲ. ಕೆಳಗೆ ಅದು ನೆಟ್ಟಗಿನ ಗಟ್ಟಿಮರ, ಮೇಲೆ ಬಾಗಿದ ಪದರಮರ, ಆದರೆ ಎರಡರ ನಡುವೆ ಬೆಸುಗೆಯಿಲ್ಲ. 1933ರಲ್ಲಿ ಬಂದ ಈ ಕಾಲನ್ನು ವೃತ್ತಾಕಾರದ ಹಲಗೆಯ ಅಡಿಗೆ ಮೂರು ಕಡೆ ತಿರುಪು ಹಾಕಿ ಬಿಗಿದರೆ ಮಣೆಯೊಂದು ಸಿದ್ಧ. ಒಂದರ ಮೇಲೊಂದನ್ನು ಪೇರಿಸಿದರೆ ಕಾಲುಗಳು ಸುರುಳಿಯಾಗಿ ಮೇಲೇರುತ್ತವೆ. ರೈಟನ ಕುರ್ಚಿಗೂ ಮೂರು ಕಾಲು, ಇದಕ್ಕೂ ಮೂರೇ ಕಾಲು. ಸಮದೂರದಲ್ಲಿ ನಿಂತ ಈ ಮೂರು ಕಾಲುಗಳು ಕುಳಿತವನಿಗೆ ನಿಯಮವನ್ನು ಹೇರದೆ, ನೆಲವು ಏರುಪೇರಾಗಿದ್ದರೂ ಅಲುಗದೆ ನಿಲ್ಲುತ್ತವೆ. ಕುರ್ಚಿಯ ಕಾಲನ್ನು ಆಲ್ಟೊ ಕಟ್ಟಡದ ಕಂಬದ ತಂಗಿಯೆಂದು ಭಾವಿಸಿದ್ದನು. ‘ಮಾನಸಾರ’ದ ಕರ್ತೃವಿಗೆ ಈ ಭಾವನೆಯು ಸಹಜವಾಗಿಯೇ ಅರ್ಥವಾಗುತ್ತಿತ್ತು.

1935ರಲ್ಲಿ ತೆರೆದ ವಿಪುರಿ ನಗರದ ಗ್ರಂಥಾಲಯದಲ್ಲಿ ಈ ಮಣೆಗಳು ಸಾಲಾಗಿ ಕುಳಿತವು. ಆ ಊರು ಈಗ ರಷ್ಯಕ್ಕೆ ಸೇರಿ ವಿಬೋರ್ಗ್ ಎನಿಸಿಕೊಂಡಿದೆ. ಅಲ್ಲಿನ ವಾಚನಾಲಯದ ಚಾವಣಿಯಲ್ಲಿ 57 ದುಂಡನೆಯ ಬೆಳಕಿಂಡಿಗಳಿವೆ. ಆಳವಾದ ಆ ಕೊಳವೆಗಳ ಒಳಮೈಗೆ ತಾಗಿ ಚೆದುರಿದ ಬೆಳಕು ನಾನಾ ದಿಕ್ಕುಗಳಿಂದ ಇಳಿಯುವುದರಿಂದ ಓದುವವನ ಕೈಯ ನೆರಳು ಪುಟದ ಮೇಲೆ ಬೀಳುವುದಿಲ್ಲ. ಇದನ್ನು ಕಟ್ಟಡವೆಂದು ಕರೆಯಬೇಕೋ ದೀಪವೆಂದು ಕರೆಯಬೇಕೋ! ಅದೇ ವರ್ಷ ಆಲ್ಟೊ, ಆತನ ಪತ್ನಿ ಐನೊ, ಮೈರೆ ಗುಲ್ಲಿಕ್ಸೆನ್ ಮತ್ತು ನಿಲ್ಸ್-ಗುಸ್ತಾವ್ ಹಾಲ್ ಸೇರಿ ಹೆಲ್ಸಿಂಕಿಯಲ್ಲಿ ‘ಆರ್ಟೆಕ್’ ಎಂಬ ಸಂಸ್ಥೆಯನ್ನು ತೆರೆದು ಈ ವಸ್ತುಗಳನ್ನು ಲೋಕಕ್ಕೆ ಒದಗಿಸಿದರು. ಐನೊಳ ಹೆಸರನ್ನು ಇಲ್ಲಿ ಬಿಡಿಸಿ ಹೇಳಬೇಕು. ಆಕೆಯೂ ವಾಸ್ತುಶಿಲ್ಪಿ, ನೀರಿನ ಅಲೆಯ ಉಂಗುರಗಳಂತೆ ಸುತ್ತು ಸುತ್ತಾಗಿ ಏಣುಗಳುಳ್ಳ ಆಕೆಯ ಅಚ್ಚಿನ ಗಾಜಿನ ಲೋಟವು 1932ರದು, ಅಗ್ಗದ್ದು, ದೃಢವಾದದ್ದು, ಇಂದಿಗೂ ಮಾರಾಟದಲ್ಲಿರುವಂಥದ್ದು. 1949ರಲ್ಲಿ ತೀರಿಕೊಳ್ಳುವವರೆಗೆ ಆರ್ಟೆಕ್‌ನ ಭಾರವನ್ನು ಬಹುಮಟ್ಟಿಗೆ ಹೊತ್ತವಳು ಆಕೆ. ಗಂಡನ ಕೀರ್ತಿಯ ಬೆಳಕಿನಲ್ಲಿ ಅವಳನ್ನು ಕಾಣದೆಹೋದ ಇತಿಹಾಸಕಾರರು ಒಂದು ಅನ್ಯಾಯವನ್ನೇ ಮಾಡಿದ್ದಾರೆ. ಆಲ್ಟೊನ ಅಲೆಯಂಚಿನ ಹೂದಾನಿಯಂತೂ 1937ರ ಪ್ಯಾರಿಸ್ ಪ್ರದರ್ಶನದಿಂದೀಚೆಗೆ ಜಗತ್ಪ್ರಸಿದ್ಧವಾಗಿದೆ; ಅದನ್ನು ಕುರಿತು ನಾನು ಹೇಳಬೇಕಾದುದೇನೂ ಇಲ್ಲ.

ದೀಪದ ಮಾತು ಬಂದುದರಿಂದ ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ಸೆನ್ನನ್ನು ನೆನೆಯಬೇಕು. ಸೀಮೆಎಣ್ಣೆಯ ದೀಪದ ಮೆತ್ತನೆಯ ಬೆಳಕಿನಲ್ಲಿ ಬೆಳೆದ ಈ ವಾಸ್ತುಶಿಲ್ಪಿಗೆ, ವಿದ್ಯುತ್ತು ಬಂದ ಮೇಲೆ ಮನೆಮನೆಯಲ್ಲಿಯೂ ಬತ್ತಲೆ ಬಲ್ಬು ಕಣ್ಣನ್ನು ಕುಕ್ಕುತ್ತಿದ್ದುದು ಸಹಿಸಲಾಗಲಿಲ್ಲ. 1926ರ ಹೊತ್ತಿಗೆ ಆತನು ರೂಪಿಸಿದ ದೀಪದಲ್ಲಿ ಒಂದರ ಕೆಳಗೊಂದು ಮೂರು ಮುಚ್ಚಳಗಳಿವೆ; ಶಂಖದ ಸುರುಳಿಯಲ್ಲಿ ಕಾಣುವ ಗಣಿತರೇಖೆಯನ್ನು ಅನುಸರಿಸಿ ಅವುಗಳ ಬಾಗನ್ನು ನಿರ್ಧರಿಸಿರುವುದರಿಂದ, ಬಲ್ಬು ಎಲ್ಲಿಂದಲೂ ನೇರವಾಗಿ ಕಣ್ಣಿಗೆ ಬೀಳುವುದಿಲ್ಲ, ಬೆಳಕು ಮಾತ್ರ ಮೇಜಿನ ಮೇಲೂ ಮುಖದ ಮೇಲೂ ಹದವಾಗಿ ಹರಡುತ್ತದೆ. ನಮ್ಮ ನಾಡಿನಲ್ಲಿ ಹಣತೆಯಿಂದ ಲಾಂದ್ರಕ್ಕೂ ಲಾಂದ್ರದಿಂದ ಬಲ್ಬಿಗೂ ಬಂದ ಮನೆಗಳು ಬೆಳಕಿನ ಪ್ರಮಾಣವನ್ನು ಹೆಚ್ಚಿಸಿಕೊಂಡವು. ಅದರ ಗುಣವನ್ನು ಕುರಿತು ಕೇಳಲು ನಮಗೆ ಯಾರೂ ಕಲಿಸಲಿಲ್ಲ. ಊಟದ ಮನೆಯಲ್ಲಿ ತಟ್ಟೆಯ ಅನ್ನವನ್ನೂ ಬಡಿಸುವವರ ಮುಖವನ್ನೂ ನೀಲಿಗಟ್ಟಿಸುವ ಟ್ಯೂಬ್‌ಲೈಟನ್ನು ನಾವು ಅಭಿವೃದ್ಧಿಯೆಂದು ಒಪ್ಪಿಕೊಂಡೆವು.

ಇಟಲಿಯ ಅಕಿಲೆ ಕಾಸ್ತಿಲ್ಯೋನಿ ಮತ್ತು ಪಿಯೆರ್ ಜಾಕೊಮೊ ಎಂಬ ಸೋದರರು 1962ರಲ್ಲಿ ಬೇರೊಂದು ಪ್ರಶ್ನೆಯನ್ನು ಎತ್ತಿಕೊಂಡರು. ಊಟದ ಮೇಜಿನ ನೆತ್ತಿಗೆ ಬೆಳಕು ಬೇಕು, ಆದರೆ ಚಾವಣಿಗೆ ತೂತು ಕೊರೆಯಬಾರದು. ಅವರು ದೂರದಲ್ಲಿ ಭಾರವಾದ ಅಮೃತಶಿಲೆಯ ದಿಮ್ಮಿಯನ್ನಿಟ್ಟು, ಅದರಿಂದ ಎದ್ದ ಉಕ್ಕಿನ ಕಮಾನು ಮೇಜಿನ ಮೇಲೆ ಬಂದು ಬಾಗುವಂತೆ ಮಾಡಿದರು. ಹಿಂದಿನಿಂದ ಬಡಿಸುವವರು ತಡೆಯಿಲ್ಲದೆ ಓಡಾಡಬಹುದು. ಆ ಕಲ್ಲಿನ ತೂಕ ಸುಮಾರು 65 ಕಿಲೋ. ಅದರ ನಡುವೆ ಒಂದು ದುಂಡು ತೂತಿದೆ: ಪೊರಕೆಯ ಕೋಲನ್ನು ಅದಕ್ಕೆ ತೂರಿಸಿ ಇಬ್ಬರು ಎರಡು ಕಡೆ ಹಿಡಿದರೆ ದೀಪವನ್ನು ಎತ್ತಿ ಸಾಗಿಸಬಹುದು. ಕಾಲಿಗೆ ತಾಗದಿರಲೆಂದು ಮೂಲೆಗಳನ್ನೂ ಸವರಿದ್ದಾರೆ. ಮಾರಾಟಕ್ಕಿಟ್ಟ ಚಿತ್ರಗಳಲ್ಲಿ ಎಲ್ಲರೂ ನೋಡುವುದು ಕಮಾನನ್ನು. ವಿದ್ಯಾರ್ಥಿಗಳು ನೋಡಬೇಕಾದುದು ಆ ತೂತನ್ನು.

ಆದರೆ ವಸ್ತುವಿಗೂ ಕೋಣೆಗೂ ಇರುವ ಸಂಬಂಧ ಕಡಿದುಹೋದಾಗ ಏನಾಗುತ್ತದೆ? ವಾಸ್ತುಶಿಲ್ಪಿ ಆರ್ನೆ ಯಾಕೊಬ್ಸೆನ್ ಕೋಪನ್‌ಹೇಗನ್ನಿನಲ್ಲಿ 1960ರಲ್ಲಿ ಮುಗಿಸಿದ ಹೋಟೆಲಿಗೆ ಗೋಡೆಯಿಂದ ಹಿಡಿದು ಊಟದ ಚಮಚದವರೆಗೆ ತಾನೇ ರೂಪಿಸಿಕೊಟ್ಟಿದ್ದನು. ಆತನ ಮೊಟ್ಟೆಯಾಕಾರದ ಕುರ್ಚಿಯು ಈಗ ಲೋಕದ ಎಲ್ಲ ದೊಡ್ಡ ನಗರಗಳಲ್ಲಿ ಸಿಕ್ಕೀತು, ಆದರೆ ಆ ಹೋಟೆಲಿನಲ್ಲಿ ಮೂಲರೂಪದಲ್ಲಿ ಉಳಿಸಿಕೊಂಡಿರುವುದು 606ನೆಯ ಸಂಖ್ಯೆಯ ಒಂದೇ ಕೋಣೆ. ಇದಕ್ಕಿಂತ ನಮ್ಮನ್ನು ಹತ್ತಿರದಿಂದ ತಟ್ಟುವ ಕಥೆ ಚಂಡೀಗಢದ್ದು.

ದೇಶವಿಭಜನೆಯಲ್ಲಿ ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿಯನ್ನು ಕಟ್ಟಲು ಲ ಕೊರ್ಬೂಸಿಯೆ ಬಂದುದು ಎಲ್ಲರಿಗೂ ಗೊತ್ತು. ಆತನು ಬಂದು ಬಂದು ಹೋಗುತ್ತಿದ್ದನು; ಊರಿನಲ್ಲಿಯೇ 1951ರಿಂದ 1965ರವರೆಗೆ ನೆಲಸಿ, ದಿನದಿನದ ಕೆಲಸವನ್ನು ನಡೆಸಿದವನು ಆತನ ದಾಯಾದಿ ಸೋದರ ಪಿಯೆರ್ ಜಾನ್ನೆರೆ. ಜಾನ್ನೆರೆಯ ಚಿತಾಭಸ್ಮವನ್ನು ಆತನ ಇಚ್ಛೆಯಂತೆ ಆ ಊರಿನ ಸುಖನಾ ಸರೋವರದಲ್ಲಿಯೇ ವಿಸರ್ಜಿಸಲಾಯಿತು. ಹೊಸ ರಾಜಧಾನಿಯೆಂದರೆ ಗೋಡೆಗಳಷ್ಟೇ ಅಲ್ಲ. ನ್ಯಾಯಾಲಯಕ್ಕೆ ಪೀಠ, ಗುಮಾಸ್ತನಿಗೆ ಮೇಜು, ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕುರ್ಚಿ, ವಿದ್ಯಾರ್ಥಿನಿಲಯಕ್ಕೆ ಮಂಚ, ಎಲ್ಲವೂ ಒಮ್ಮೆಗೇ ಸಾವಿರಸಾವಿರ ಸಂಖ್ಯೆಯಲ್ಲಿ ಬೇಕು. ಉಕ್ಕು ದುಬಾರಿ, ದೊಡ್ಡ ಕಾರ್ಖಾನೆಗಳಿಲ್ಲ. ಇದ್ದುದು ಬಡಗಿಗಳು, ಬೆತ್ತ ಹೆಣೆಯುವವರು ಮತ್ತು ಮರ. ಜಾನ್ನೆರೆಯೂ, ಆತನೊಡನೆ ದುಡಿದ ಯೂಲಿ ಚೌಧರಿಯವರೇ ಮೊದಲಾದ ಭಾರತೀಯ ವಾಸ್ತುಶಿಲ್ಪಿಗಳೂ ಈ ಸಾಧನಗಳಿಂದಲೇ ಹೊರಟರು.

ಅವರ ಕಚೇರಿಯ ಕುರ್ಚಿಯೊಂದನ್ನು ಹತ್ತಿರದಿಂದ ನೋಡಿರಿ. ಎರಡು ಪಕ್ಕಗಳಲ್ಲಿ ದಪ್ಪನೆಯ ತೇಗದ ಎರಡೆರಡು ತುಂಡುಗಳು ಜ್ಯಾಮಿತಿಯ ಪೆಟ್ಟಿಗೆಯ ಕೈವಾರವನ್ನು ತಲೆಕೆಳಗಾಗಿಸಿದಂತೆ ಕೂಡಿ ನಿಂತಿವೆ. ಅವುಗಳ ಮೇಲೆ ಅಗಲವಾದ ಕೈ. ಆಸನಕ್ಕೂ ಬೆನ್ನಿಗೂ ಬೆತ್ತದ ಹೆಣಿಗೆ. ತೇಗವನ್ನು ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ, ಮಳೆಗಾಲದ ತೇವಕ್ಕೂ ಅದು ಜಗ್ಗುವುದಿಲ್ಲ. ಬೆತ್ತದ ಕಣ್ಣುಗಳಲ್ಲಿ ಗಾಳಿಯಾಡುವುದರಿಂದ ಪಂಜಾಬಿನ ಬೇಸಗೆಯಲ್ಲಿ ಬೆನ್ನು ಬೆವರುವುದಿಲ್ಲ. ಬೆತ್ತ ಹರಿದರೆ ಮರದ ಚೌಕಟ್ಟನ್ನು ಮುಟ್ಟದೆಯೇ ಮತ್ತೆ ಹೆಣೆಯಬಹುದು. ಮರದ ಜೋಡಣೆಯಲ್ಲಿ ಸಾಮಾನ್ಯ ಬಡಗಿಗೆ ಬಾರದ ವಿದ್ಯೆಯೇನೂ ಇಲ್ಲ. ಬೇರೆ ಬೇರೆ ಕಮ್ಮಟಗಳಲ್ಲಿ ಮಾಡಿಸಿದುದರಿಂದ ಒಂದು ಕುರ್ಚಿಯು ಇನ್ನೊಂದನ್ನು ಕೂದಲೆಳೆಯಷ್ಟೂ ಬಿಡದೆ ಹೋಲುವುದೂ ಇಲ್ಲ. ಪೈಮಿಯೊದಲ್ಲಿ ಚಳಿಯೂ ಕೆಮ್ಮೂ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೆಕೆಯೂ ಬಡತನವೂ ಕೇಳಿದವು. ಬೆನ್ನಿನ ಮೇಲೆ ಬಣ್ಣದಲ್ಲಿ ಬರೆದ ಕಚೇರಿಯ ಸಂಕ್ಷಿಪ್ತ ಹೆಸರು ಮತ್ತು ದಾಸ್ತಾನಿನ ಸಂಖ್ಯೆ ಅನೇಕ ಕುರ್ಚಿಗಳಲ್ಲಿ ಇಂದಿಗೂ ಕಾಣುತ್ತವೆ.

ಇದೇ ಕಾಲದಲ್ಲಿ, 1958ರಲ್ಲಿ, ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರದ ಆಹ್ವಾನದ ಮೇಲೆ ದೇಶವನ್ನು ಸುತ್ತಿ ಬರೆದ ವರದಿಯಲ್ಲಿ ನಮ್ಮ ಲೋಟೆಯನ್ನು, ಅಂದರೆ ನಾವು ನಿತ್ಯ ನೀರು ತುಂಬುವ ಚೆಂಬನ್ನು, ತಾವು ಕಂಡ ವಸ್ತುಗಳಲ್ಲೆಲ್ಲ ಅತ್ಯಂತ ಮೆಚ್ಚತಕ್ಕುದೆಂದು ಎತ್ತಿ ಹಿಡಿದರು. ಅದನ್ನು ಹೊರುವ ಸೊಂಟ, ಸುರಿಯುವಾಗಿನ ಸಮತೋಲ, ತೊಳೆಯುವ ಕೈ, ಇವೆಲ್ಲ ತಲೆಮಾರುಗಳ ಉದ್ದಕ್ಕೂ ಅದರ ಆಕಾರವನ್ನು ತಿದ್ದಿವೆಯೆಂಬುದು ಅವರ ಗ್ರಹಿಕೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಆ ವರದಿಯ ಫಲ. ವಿನ್ಯಾಸವನ್ನು ಕಲಿಸುವ ಶಾಲೆಯೊಂದು ಚೆಂಬಿನ ಸ್ತುತಿಯಿಂದ ಹುಟ್ಟಿದ ದೇಶದಲ್ಲಿ ಚಂಡೀಗಢದ ಕುರ್ಚಿಗಳಿಗೆ ಬಂದ ಗತಿಯನ್ನು ನೋಡಿ ನನಗೆ ನೋವಾಗುತ್ತದೆ.

ಕಾಲಕ್ರಮದಲ್ಲಿ ಬೆತ್ತ ಹರಿಯಿತು, ಕಾಲು ಅಲುಗಿತು. ರಿಪೇರಿ ಮಾಡಿಸುವುದಕ್ಕೆ ಬದಲಾಗಿ ಕಚೇರಿಗಳು ಅವುಗಳನ್ನು ಮಹಡಿಯ ಮೇಲೂ ಹಿತ್ತಿಲಲ್ಲೂ ರಾಶಿ ಹಾಕಿ, ಗುಜರಿಯೆಂದು ಹರಾಜಿನಲ್ಲಿ ಮಾರಿದವು. ಅವುಗಳ ಬೆಲೆಯನ್ನು ಬಲ್ಲ ಪರದೇಶದ ವ್ಯಾಪಾರಿಗಳು ಕೊಂಡೊಯ್ದು, ನಯಗೊಳಿಸಿ, ಪ್ಯಾರಿಸ್ ನ್ಯೂಯಾರ್ಕ್‌ಗಳ ಹರಾಜುಮನೆಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗಳಿಗೆ ಮಾರುತ್ತಿದ್ದಾರೆ. 2011ರಲ್ಲಿ ಕೇಂದ್ರ ಗೃಹ ಸಚಿವಾಲಯವು ಇಂಥ ವಸ್ತುಗಳ ಮಾರಾಟವನ್ನು ನಿಷೇಧಿಸಿ ಆದೇಶ ಹೊರಡಿಸಿತು. ಆದರೆ 1972ರ ಪುರಾವಸ್ತು ಕಾನೂನಿನ ರಕ್ಷಣೆ ದೊರೆಯಬೇಕಾದರೆ ವಸ್ತುವಿಗೆ ನೂರು ವರ್ಷ ತುಂಬಿರಬೇಕು. ಈ ಕುರ್ಚಿಗಳಿಗೆ ಅಷ್ಟು ವಯಸ್ಸಾಗಿಲ್ಲವಾದ್ದರಿಂದ, ದೇಶವನ್ನು ಬಿಟ್ಟು ಹೋದುದನ್ನು ಮರಳಿ ಕೇಳಲು ನಮಗೆ ಬಲವಾದ ಆಧಾರವಿಲ್ಲ. 2016ರಲ್ಲಿ ಆ ನಗರದ ಆಡಳಿತಭವನಗಳ ಸಮುಚ್ಚಯವು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹರ್ಮ್ಯಕ್ಕೆ ಗೌರವ ಸಂದಿತು, ಪರ್ಯಂಕವು ಬೀದಿಪಾಲಾಯಿತು.

ಹರಾಜಿಗೆ ಹೋದ ಕುರ್ಚಿಯು ನಷ್ಟವಾಗಲಿಲ್ಲ, ಲೋಕದಲ್ಲಿ ಎಲ್ಲಿಯೋ ಒಂದು ಕಡೆ ಆದರದಿಂದ ಇದೆಯಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಈ ಸಮಾಧಾನವನ್ನು ನಾನು ಒಪ್ಪಲಾರೆ. ಗುಮಾಸ್ತನ ಬೆನ್ನು ಬೆವರದಿರಲೆಂದು ಹೆಣೆದ ಬೆತ್ತಕ್ಕೆ, ಶೀತದೇಶದ ಧನಿಕನ ಹಜಾರದಲ್ಲಿ ಮಾಡಲು ಕೆಲಸವೇನಿದೆ? ಅದು ಅಲ್ಲಿ ಮ್ಯಾಕಿಂಟಾಷನ ಏಣಿಕುರ್ಚಿಯಂತೆ ನೋಡತಕ್ಕ ರೇಖೆಯಾಗಿ ನಿಲ್ಲುತ್ತದೆ. ಅತ್ತ ಅದು ತೆರವು ಮಾಡಿಹೋದ ಕಚೇರಿಯಲ್ಲಿ ಗುಮಾಸ್ತನು ಪ್ಲಾಸ್ಟಿಕ್ಕಿನ ಕುರ್ಚಿಯ ಮೇಲೆ ಬೆವರುತ್ತ ಕುಳಿತಿದ್ದಾನೆ.

ಮಾಡಬೇಕಾದ ಕೆಲಸವೇನೂ ಕಠಿನವಾದುದಲ್ಲ. ಚಂಡೀಗಢದಲ್ಲಿ ಉಳಿದಿರುವ ಕುರ್ಚಿಗಳನ್ನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇಡುವುದಕ್ಕಿಂತ, ಅವು ಹುಟ್ಟಿದ ಕೋಣೆಗಳಲ್ಲಿಯೇ ರಿಪೇರಿ ಮಾಡಿಸಿ ಬಳಕೆಯಲ್ಲಿರಿಸುವುದು ಮೇಲು. ಅದಕ್ಕೆ ಬೇಕಾದುದು ವರ್ಷವರ್ಷವೂ ಬೆತ್ತ ಹೆಣೆಯುವವರಿಗೆ ಕೂಲಿ ಮತ್ತು ಗೌರವ. ಆ ಊರಿಗೆ ಮಾತ್ರ ಈ ಮಾತು ಸಲ್ಲತಕ್ಕುದೆಂದು ಯಾರೂ ಭಾವಿಸಬಾರದು. ನಮ್ಮ ಹಳೆಯ ಕಾಲೇಜುಗಳ ಗ್ರಂಥಾಲಯಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ, ನ್ಯಾಯಾಲಯಗಳಲ್ಲಿ ತೇಗದ ಮೇಜುಗಳೂ ಬೀಟೆಯ ಕುರ್ಚಿಗಳೂ ಇನ್ನೂ ಇವೆ. ಅವುಗಳನ್ನು ಗುಜರಿಯ ಪಟ್ಟಿಗೆ ಸೇರಿಸುವ ಮೊದಲು, ಈ ಸಭೆಯಲ್ಲಿರುವ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅವುಗಳ ಅಳತೆ ತೆಗೆದು, ಕೂಡುಕಟ್ಟುಗಳ ನಕ್ಷೆ ಬರೆದು, ಯಾವ ಕೋಣೆಯಲ್ಲಿ ಯಾವ ಕಿಟಕಿಯ ಪಕ್ಕದಲ್ಲಿ ಇದ್ದುವೆಂಬುದನ್ನೂ ದಾಖಲಿಸಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಅಧ್ಯಾಪಕರು ಮೊದಲ ವರ್ಷದ ಪಾಠದಲ್ಲಿ ಮನೆಯ ನಕ್ಷೆಗೆ ಮುನ್ನ ಒಂದು ಮಣೆಯನ್ನು ವಿದ್ಯಾರ್ಥಿಯ ಕೈಯಿಂದಲೇ ಮಾಡಿಸಲಿ. ಗರಗಸ, ಉಳಿ, ಅಂಟುಗಳೊಡನೆ ಒಬ್ಬ ಬಡಗಿಯನ್ನೂ ಗುರುವಾಗಿ ತರಗತಿಗೆ ಕರೆಯಲಿ. ಅದರ ಮೇಲೆ ಆ ವಿದ್ಯಾರ್ಥಿಯೇ ಒಂದು ವರ್ಷ ಕುಳಿತು ನಕ್ಷೆ ಬರೆಯಲಿ.